ವೈದ್ಯ ಬೇಕು, ಇಂಜಿನಿಯರ್ ಬೇಕು. ಕಾನೂನು ಕಲಿಸುವವರು ಬೇಡವೇ?

ರಾತ್ರಿ ಹನ್ನೊಂದು ಗಂಟೆಗೆ ಮಸೀದಿ ಸಮಿತಿಯ ಅಧ್ಯಕ್ಷರ ಮನೆಯ ಬಾಗಿಲು ತಟ್ಟುವ ತಂದೆಯನ್ನು ನಮ್ಮ ಪ್ರತಿಯೊಂದು ಪಟ್ಟಣವೂ ಕಂಡಿದೆ. ಮಗನನ್ನು ಠಾಣೆಗೆ ಕರೆದೊಯ್ದಿದ್ದಾರೆ. ಯಾವ ಪ್ರಕರಣ, ಯಾವ ಕಲಂ, ಎಫ್‌ಐಆರ್ ಆಗಿದೆಯೇ ಇಲ್ಲವೇ, ಯಾವುದೂ ಆತನಿಗೆ ತಿಳಿಯದು. ಅಧ್ಯಕ್ಷರು ಫೋನ್ ಕೈಗೆತ್ತಿಕೊಳ್ಳುತ್ತಾರೆ. ಮೊದಲು ಮಾಜಿ ಕೌನ್ಸಿಲರ್‌ಗೆ, ಆನಂತರ ಪಕ್ಷವೊಂದರ ಬ್ಲಾಕ್ ಅಧ್ಯಕ್ಷರಿಗೆ, ಕೊನೆಗೆ ಠಾಣೆಯಲ್ಲಿ 'ಪರಿಚಯ'ವಿರುವ ಯಾರಿಗೋ ಕರೆ ಹೋಗುತ್ತದೆ. ವಕೀಲರ ನೆನಪಾಗುವುದು ಮರುದಿನ ಬೆಳಗ್ಗೆ. ಅದೇ ರಾತ್ರಿ ಅದೇ ತಂದೆಗೆ ಎದೆನೋವು ಕಾಣಿಸಿಕೊಂಡಿದ್ದರೆ ಅಧ್ಯಕ್ಷರು ನಮ್ಮವರೇ ಆದ ಮೂವರು ವೈದ್ಯರ ಹೆಸರನ್ನು ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದರು.

ಬಂಧಿತನಿಗೆ ತನ್ನ ಆಯ್ಕೆಯ ವಕೀಲರನ್ನು ಕಾಣುವ ಹಕ್ಕಿದೆ, 24 ಗಂಟೆಯೊಳಗೆ ಆತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಕಸ್ಟಡಿಯಲ್ಲಿರುವ ವ್ಯಕ್ತಿಗೆ, ಆತನ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಮಹಿಳೆಯರಿಗೂ ಹಾಗೆಯೇ. ಇವು ಯಾವುದೋ ಗುಪ್ತ ಕಡತದಲ್ಲಿರುವ ಸಂಗತಿಗಳಲ್ಲ. ಹಾಗಿದ್ದರೂ ನಮ್ಮ ಮೊಹಲ್ಲಾಗಳಿಗೆ ಇವು ತಲುಪಿಲ್ಲವೇಕೆ? ಸರಕಾರ ತಲುಪಿಸಲಿಲ್ಲ ಎಂಬ ಉತ್ತರ ಸಿದ್ಧವಾಗಿದೆ. ಆ ಉತ್ತರದಲ್ಲಿ ಸತ್ಯವೂ ಇದೆ. ಆದರೆ ಇಂದು ನಾವು ಬೇರೊಂದು ಪ್ರಶ್ನೆ ಎತ್ತಬೇಕಾಗಿದೆ. ಇವನ್ನು ತಲುಪಿಸಬಲ್ಲವರನ್ನು, ಅಂದರೆ ಕಾನೂನು ಕಲಿತು ಅದನ್ನು ಇನ್ನೊಬ್ಬರಿಗೆ ಕಲಿಸಬಲ್ಲ ಯುವಕ ಯುವತಿಯರನ್ನು, ನಾವು ಏನು ಮಾಡಿದ್ದೇವೆ?

ನಮಗೆ ಪರಿಚಯವಿರುವ ಓರ್ವ ಯುವತಿಯ ವಿಷಯ ಹೇಳುತ್ತೇವೆ. ಆಕೆಯ ಹೆಸರು ಬೇಡ, ಊರೂ ಬೇಡ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ ಎಂದರೆ ಸಾಕು. ತಂದೆ ಟೇಲರ್. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದು ಐದು ವರ್ಷದ ಬಿ.ಎ. ಎಲ್‌ಎಲ್.ಬಿ.ಗೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಒಂದು ವಾರ ಮಾತಿಲ್ಲ. ಸುಳ್ಳು ಹೇಳುವ ವೃತ್ತಿ, ಗಂಡಸರ ನಡುವೆ ನಿಲ್ಲುವ ವೃತ್ತಿ, ಮದುವೆಗೆ ಅಡ್ಡಿಯಾಗುವ ವೃತ್ತಿ ಎಂದು ಬಂಧುಗಳು ಒಬ್ಬೊಬ್ಬರಾಗಿ ಬಂದು ಹೇಳಿ ಹೋದರು. ಕೊನೆಗೆ ತಂದೆ ಒಪ್ಪಿದರು. ಆಕೆಯ ಕಪ್ಪು ಕೋಟನ್ನು ಅವರೇ ಹೊಲಿದರು.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿನ ವಿದ್ಯಾರ್ಥಿ ಕನಿಷ್ಠ 20 ವಾರ, ಮೂರು ವರ್ಷದ ಕೋರ್ಸಿನ ವಿದ್ಯಾರ್ಥಿ ಕನಿಷ್ಠ 12 ವಾರ ಇಂಟರ್ನ್‌ಶಿಪ್ ಮಾಡಬೇಕು. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ವಕೀಲರ ಕಚೇರಿ, ನ್ಯಾಯಾಲಯ, ಸ್ವಯಂಸೇವಾ ಸಂಸ್ಥೆ, ಸ್ಥಳೀಯ ಆಡಳಿತ ಹೀಗೆ ಹಲವು ಕಡೆ ಹೋಗಬಹುದು. ಕಲಿತದ್ದನ್ನು ದಿನಚರಿಯಲ್ಲಿ ಬರೆದಿಡಬೇಕು. ನಿಯಮ ಬರೆದವರ ಉದ್ದೇಶ ಚೆನ್ನಾಗಿತ್ತು. ಪುಸ್ತಕದಲ್ಲಿ 'ಜಾಮೀನು' ಎಂಬ ಪದವನ್ನು ಓದಿದವನು ನ್ಯಾಯಾಲಯದ ಪಡಸಾಲೆಯಲ್ಲಿ ಜಾಮೀನಿಗಾಗಿ ಕಾಯುತ್ತ ನಿಂತ ತಾಯಿಯ ಮುಖವನ್ನೂ ನೋಡಲಿ ಎಂಬುದೇ ಆ ಉದ್ದೇಶ.

ಆದರೆ ನಡೆಯುತ್ತಿರುವುದೇನು? ನಮ್ಮ ಹಿರಿಯ ವಕೀಲರು ಬೇಸರಿಸಬಾರದು. ಈ ಯುವತಿಯ ಮೊದಲ ನಾಲ್ಕು ವಾರಗಳು ಝೆರಾಕ್ಸ್ ಅಂಗಡಿ ಮತ್ತು ಹಿರಿಯರ ಕಚೇರಿಯ ನಡುವೆ ಕಳೆದವು. ಬಸ್ ನಿಲ್ದಾಣಕ್ಕೆ ಹೋಗಿ ಕಕ್ಷಿದಾರರು ಕಳುಹಿಸಿದ ಪಾರ್ಸೆಲ್ ತರುವುದೂ 'ತರಬೇತಿ'ಯ ಭಾಗವಾಗಿತ್ತು. ಆಕೆಯ ಸಹಪಾಠಿಗಳಲ್ಲಿ ಹಲವರು ಅಷ್ಟನ್ನೂ ಮಾಡಲಿಲ್ಲ; ಕೊನೆಯ ದಿನ ಬಂದು ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಂಡು ಹೋದರು. ಸಹಿ ಹಾಕಿದವರಿಗೆ ಸಂಕೋಚವಿರಲಿಲ್ಲ, ಹಾಕಿಸಿಕೊಂಡವರಿಗೂ ಇರಲಿಲ್ಲ. ನ್ಯಾಯದ ವಿದ್ಯೆಯ ಮೊದಲ ಪಾಠವೇ ಒಂದು ಸುಳ್ಳು ದಾಖಲೆಯಾದರೆ ಆ ವಿದ್ಯೆಯ ಗತಿಯೇನು?

ಆಕೆಗೆ ನಿಜವಾಗಿ ಕಲಿಸಿದವರು ಆ ಕಚೇರಿಯ ವಯಸ್ಸಾದ ಗುಮಾಸ್ತರು. ಆರ್ಡರ್ ಶೀಟ್ ಓದುವುದು ಹೇಗೆ, ಪ್ರಕರಣ ಯಾವ ಹಂತದಲ್ಲಿ ನಿಂತಿದೆ ಎಂದು ಮೊದಲ ಪುಟ ನೋಡಿಯೇ ತಿಳಿಯುವುದು ಹೇಗೆ, ಕಕ್ಷಿದಾರ ಹೇಳುವ ಕಥೆಯಲ್ಲಿ ದಿನಾಂಕಗಳನ್ನು ಹುಡುಕುವುದು ಹೇಗೆ, ಇದನ್ನೆಲ್ಲ ಅವರು ಚಹಾ ವಿರಾಮದಲ್ಲಿ ಹೇಳಿಕೊಟ್ಟರು. ಎರಡನೇ ವರ್ಷದ ಇಂಟರ್ನ್‌ಶಿಪ್‌ನಲ್ಲಿ ಆಕೆ ಕಂಡ ಒಂದು ಪ್ರಕರಣ ಆಕೆಯ ದಾರಿಯನ್ನು ಬದಲಿಸಿತು. ಸಣ್ಣ ಕಳ್ಳತನದ ಆರೋಪ ಹೊತ್ತ ಹುಡುಗನೊಬ್ಬನಿಗೆ ಜಾಮೀನು ಸಿಕ್ಕಿ ತಿಂಗಳು ಕಳೆದಿದ್ದರೂ ಆತ ಜೈಲಿನಲ್ಲೇ ಇದ್ದ. ಪಹಣಿ ಹಿಡಿದು ಬಂದು ಜಾಮೀನುದಾರನಾಗಿ ನಿಲ್ಲುವವರು ಆತನಿಗೆ ಯಾರೂ ಇರಲಿಲ್ಲ. ನ್ಯಾಯಾಲಯ ಬಿಟ್ಟಿತ್ತು, ಬಡತನ ಬಿಟ್ಟಿರಲಿಲ್ಲ. 'ಇದು ನಮ್ಮ ಪಠ್ಯದಲ್ಲಿ ಎಲ್ಲಿದೆ ಸರ್?' ಎಂದು ಆಕೆ ತನ್ನ ಅಧ್ಯಾಪಕರನ್ನು ಕೇಳಿದಳಂತೆ. ಅವರ ಬಳಿ ಉತ್ತರವಿರಲಿಲ್ಲ. ತಾನೇ ಒಂದು ದಿನ ಇದನ್ನು ಕಲಿಸಬೇಕು ಎಂದು ಆಕೆ ಆಗ ನಿರ್ಧರಿಸಿದಳು.

ಆಕೆ ನಿರ್ಧರಿಸಿದ್ದು ಸಣ್ಣ ವಿಷಯವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಇವರಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿ ಅವರಿಗಿರುವ 14.2 ಶೇಕಡಾ ಪಾಲಿಗಿಂತ ಹೆಚ್ಚು. ದಲಿತರ, ಆದಿವಾಸಿಗಳ ಕಥೆಯೂ ಭಿನ್ನವಲ್ಲ. 1979ರಲ್ಲಿ ವಕೀಲೆ ಕಪಿಲಾ ಹಿಂಗೋರಾಣಿಯವರು ಬಿಹಾರದ ವಿಚಾರಣಾಧೀನ ಕೈದಿಗಳ ಪರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಾಗ, ತಮ್ಮ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದವರು ಪತ್ತೆಯಾದರು. ತ್ವರಿತ ವಿಚಾರಣೆ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಪೀಠ ಸಾರಿತು. ಆ ತೀರ್ಪು ಇಂದಿಗೂ ಹುಸೈನಾರಾ ಖಾತೂನ್ ಎಂಬ ಓರ್ವ ಬಡ ಮಹಿಳೆಯ ಹೆಸರನ್ನು ಹೊತ್ತಿದೆ. ಕಾನೂನು ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಗೂ ಆ ಹೆಸರು ಗೊತ್ತು. ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ಪದವಿ ಮುಗಿಯಿತು. ಸನ್ನದು ಸಿಕ್ಕಿತು. ಅಖಿಲ ಭಾರತ ವಕೀಲರ ಪರೀಕ್ಷೆಯೂ ಆಯಿತು. ಕಿರಿಯ ವಕೀಲೆಯಾಗಿ ಸೇರಿದ ಕಚೇರಿಯಲ್ಲಿ ಆಕೆಗೆ ಸಿಗುತ್ತಿದ್ದುದು ಬಸ್ ಖರ್ಚಿಗೆ ಸಾಕಾಗುವಷ್ಟು. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20 ಸಾವಿರ, ಗ್ರಾಮೀಣ ಪ್ರದೇಶಗಳಲ್ಲಿ 15 ಸಾವಿರ ರೂಪಾಯಿ ಸ್ಟೈಪೆಂಡ್ ನೀಡಿರೆಂದು ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ. ಶಿಫಾರಸನ್ನು ಓದಿ ಜೇಬಿಗೆ ಕೈ ಹಾಕಿದ ಹಿರಿಯರು ಎಷ್ಟಿದ್ದಾರೋ ಅಲ್ಲಾಹನೇ ಬಲ್ಲ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯು ಕಾನೂನು ಪದವೀಧರರಿಗೆ ತರಬೇತಿ ಅವಧಿಯಲ್ಲಿ ಸ್ಟೈಪೆಂಡ್ ನೀಡುವ ಯೋಜನೆಯನ್ನು ಹೊಂದಿದೆ. ಅದರ ಅರ್ಜಿಯ ಸುದ್ದಿಯನ್ನು ಜುಮಾ ದಿನ ಮಸೀದಿಯ ಫಲಕದಲ್ಲಿ ಅಂಟಿಸಲು ನಮಗೆ ಯಾರ ಅಪ್ಪಣೆ ಬೇಕು?

ಎಲ್‌ಎಲ್.ಎಂ. ಮುಗಿಸಿದ ಮೇಲೆ ಆಕೆಗೆ ಕಾನೂನು ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಬೆಳಗ್ಗೆ ಎಂಟರಿಂದ ಹತ್ತೂವರೆಯವರೆಗೆ ಪಾಠ, ಆಮೇಲೆ ನ್ಯಾಯಾಲಯ. ಇಲ್ಲಿ ಓದುಗರು ಒಂದು ವಿಷಯವನ್ನು ಗಮನಿಸಬೇಕು. ವಕೀಲರು ಪೂರ್ಣಾವಧಿಯ ಸಂಬಳದ ನೌಕರಿ ಮಾಡುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ 1979ರಲ್ಲಿ ಬಂದ ಪ್ರತ್ಯೇಕ ನಿಯಮಾವಳಿಯೊಂದು, ವೃತ್ತಿಯಲ್ಲಿರುವ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಬೋಧಿಸಬಹುದೆಂದು ಸ್ಪಷ್ಟವಾಗಿ ಹೇಳುತ್ತದೆ. ಹೀಗೆ ಬೋಧಿಸಿದರೆ, ಆ ಕೆಲಸಕ್ಕೆ ಯಾವ ಹೆಸರಿಟ್ಟರೂ ಸಂಬಳ ಯಾವ ರೂಪದಲ್ಲಿ ಕೊಟ್ಟರೂ, ಅದನ್ನು ಅರೆಕಾಲಿಕ ಉದ್ಯೋಗವೆಂದೇ ಪರಿಗಣಿಸಲಾಗುತ್ತದೆ. ಆ ನಿಯಮಾವಳಿಯ ಶೀರ್ಷಿಕೆಯಲ್ಲೇ 'ಕಾನೂನು ಬೋಧನೆ ಕೈಗೊಳ್ಳುವ ಹಕ್ಕು' ಎಂಬ ಮಾತಿದೆ. ರಿಯಾಯಿತಿ ಎಂದಿಲ್ಲ, ಅನುಮತಿ ಎಂದಿಲ್ಲ, ಹಕ್ಕು ಎಂದಿದೆ. ನ್ಯಾಯಾಲಯಕ್ಕೂ ತರಗತಿಗೂ ನಡುವೆ ಒಂದು ಸೇತುವೆ ಇರಲಿ, ನಿನ್ನೆ ವಾದಿಸಿದವರು ಇಂದು ಅದನ್ನು ವಿದ್ಯಾರ್ಥಿಗೆ ವಿವರಿಸಲಿ ಎಂಬ ಆಶಯ ಇದರ ಹಿಂದಿದೆ.

ಈ ಸೇತುವೆಯನ್ನು ನಾವು ಕೂಲಿಯ ಹಲಗೆಯಾಗಿ ಮಾಡಿದ್ದೇವೆ. ಆಕೆಗೆ ಗಂಟೆಯ ಲೆಕ್ಕದಲ್ಲಿ ಗೌರವಧನ. ಪರೀಕ್ಷೆಯ ತಿಂಗಳಲ್ಲಿ ಪಾಠವಿಲ್ಲ, ಆದ್ದರಿಂದ ಹಣವಿಲ್ಲ. ಬೇಸಿಗೆ ರಜೆಯಲ್ಲಿ ಹಣವಿಲ್ಲ. ಉತ್ತರಪತ್ರಿಕೆ ತಿದ್ದುವುದು, ಅಣಕು ನ್ಯಾಯಾಲಯಕ್ಕೆ ವಿದ್ಯಾರ್ಥಿಗಳನ್ನು ಸಿದ್ಧಪಡಿಸುವುದು 'ಸೇವೆ'. ಪ್ರತಿಯೊಂದು ಕಾನೂನು ಕಾಲೇಜಿನಲ್ಲೂ ಕಾನೂನು ನೆರವು ಕೇಂದ್ರ ಇರಬೇಕೆಂದು ನಿಯಮವಿದೆ. ಆ ಕಾಲೇಜಿನ ಕೇಂದ್ರವು ಬೀಗ ಹಾಕಿದ ಒಂದು ಕೊಠಡಿಯಾಗಿತ್ತು. ಬೀಗ ತೆಗೆಸಿದ್ದು ಈ ಅರೆಕಾಲಿಕ ಉಪನ್ಯಾಸಕಿ. ಆದರೆ ಕೇಂದ್ರದಲ್ಲಿ ಕಳೆದ ಗಂಟೆಗಳು 'ಪಾಠದ ಗಂಟೆ'ಗಳಲ್ಲವಂತೆ. ಅವು ಬಿಲ್ಲಿಗೆ ಬರುವುದಿಲ್ಲ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಹಾಕಿ, ಆಡಳಿತ ಮಂಡಳಿಯ ಮುಂದೆ ಹೊಸಬಳಂತೆ ಕುಳಿತು, ತನ್ನನ್ನು ಪರಿಚಯಿಸಿಕೊಳ್ಳಬೇಕು. ಆ ಕಾಲೇಜು ಯಾರದು ಎಂದು ಕೇಳುವಿರಾ? ನಮ್ಮವರದೇ. ಅದರ ವಾರ್ಷಿಕೋತ್ಸವದ ಆಮಂತ್ರಣ ಪತ್ರದ ಮೇಲೆ ಇಸ್ಲಾಮಿನಲ್ಲಿ ನ್ಯಾಯಕ್ಕಿರುವ ಸ್ಥಾನದ ಕುರಿತು ಸೊಗಸಾದ ಸಾಲೊಂದು ಅಚ್ಚಾಗಿತ್ತು.

ಸರಕಾರದ ಕಾಲೇಜುಗಳಲ್ಲಿ ಪರಿಸ್ಥಿತಿ ಉತ್ತಮವೆಂದು ನಾವು ಹೇಳುತ್ತಿಲ್ಲ. ಅತಿಥಿ ಉಪನ್ಯಾಸಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50 ಸಾವಿರ ರೂಪಾಯಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರ ಜನವರಿಯಲ್ಲಿ ಮಾರ್ಗಸೂಚಿ ನೀಡಿತ್ತು. ಕರ್ನಾಟಕದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಆಗ 11 ಸಾವಿರ, 13 ಸಾವಿರ ರೂಪಾಯಿಗೆ ದುಡಿಯುವವರಿದ್ದರು. 2022ರ ಜನವರಿಯಲ್ಲಿ ಅದನ್ನು 26 ಸಾವಿರದಿಂದ 32 ಸಾವಿರದವರೆಗೆ ಏರಿಸಲಾಯಿತು. ಜೊತೆಗೆ ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಿದ್ದರಿಂದ ಅನೇಕರು ಕೆಲಸವನ್ನೇ ಕಳೆದುಕೊಂಡರು. 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ಬೀದಿಗಿಳಿದುದನ್ನು ನಾವೆಲ್ಲ ಕಂಡಿದ್ದೇವೆ. ಗುಜರಾತಿನಲ್ಲಿ ತಿಂಗಳಿಗೆ 30 ಸಾವಿರ ರೂಪಾಯಿಗೆ ವರ್ಷಗಟ್ಟಲೆ ದುಡಿದ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್‌ನಲ್ಲಿ ಕಟುವಾಗಿಯೇ ಮಾತನಾಡಿತು. ಸಮಾರಂಭಗಳಲ್ಲಿ ಗುರುವನ್ನು ಸ್ತುತಿಸಿದರೆ ಸಾಲದು, ಆ ಗೌರವ ನಡವಳಿಕೆಯಲ್ಲಿಯೂ ಕಾಣಬೇಕು ಎಂಬುದು ಅದರ ಸಾರ. ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರಕಾರವು 2022-23ರಿಂದ ನಿಲ್ಲಿಸಿದಾಗ ಸಂಶೋಧನೆಯ ದಾರಿ ಹಿಡಿಯಬೇಕೆಂದಿದ್ದ ನಮ್ಮ ಎಷ್ಟೋ ಮಕ್ಕಳು ಅರ್ಧದಾರಿಯಲ್ಲಿ ನಿಂತರು. ಇವೆಲ್ಲವನ್ನೂ ನಾವು ಖಂಡಿಸಿದ್ದೇವೆ, ಮುಂದೆಯೂ ಖಂಡಿಸುತ್ತೇವೆ. ಆದರೆ ಸರಕಾರವನ್ನು ಖಂಡಿಸುವ ನಾಲಿಗೆಗೆ ನಮ್ಮದೇ ಟ್ರಸ್ಟಿನ ವೇತನ ಪಟ್ಟಿಯನ್ನು ಓದುವ ಧೈರ್ಯವೂ ಇರಬೇಕಲ್ಲವೇ?

ಇಲ್ಲಿ ಕೆಲವರು ಹೇಳುವ ಮಾತೊಂದಿದೆ. ಅರೆಕಾಲಿಕ ಕೆಲಸವೆಂದರೆ ತಾತ್ಕಾಲಿಕ ಏಣಿ; ಹತ್ತುವವರು ಹತ್ತಿ ಹೋಗುತ್ತಾರೆ, ಏಣಿಗೆ ಬಣ್ಣ ಬಳಿಯುವುದೇಕೆ? ನಿನ್ನೆ ಮೊನ್ನೆ ಇಂಟರ್ನ್ ಆಗಿದ್ದವರಿಗೆ ಕಲಿಸಲು ಏನು ಗೊತ್ತಿರುತ್ತದೆ, ಮೂವತ್ತು ವರ್ಷ ಅನುಭವವಿರುವ ಹಿರಿಯರನ್ನು ಕರೆಯಬಾರದೇ? ಮಾತಿನಲ್ಲಿ ತೂಕವಿದೆ, ಒಪ್ಪೋಣ. ಎಳೆಯ ಅಧ್ಯಾಪಕರು ತಪ್ಪು ಮಾಡುತ್ತಾರೆ. ಪುಸ್ತಕದ ಭಾಷೆಯಲ್ಲಿ ಮಾತನಾಡುತ್ತಾರೆ. ವಿದ್ಯಾರ್ಥಿಯ ಕಠಿಣ ಪ್ರಶ್ನೆಗೆ ಸಿಟ್ಟಾಗುವುದೂ ಉಂಟು. ಹಿರಿಯರ ಉಪನ್ಯಾಸ ಖಂಡಿತ ಬೇಕು. ಆದರೆ ಹಿರಿಯರು ವರ್ಷಕ್ಕೆರಡು ಬಾರಿ ಹೂಮಾಲೆ ಹಾಕಿಸಿಕೊಂಡು ಅನುಭವ ಕಥನ ಹೇಳಿ ಹೋಗುತ್ತಾರೆ. ಪ್ರತಿದಿನ ಎಂಟು ಗಂಟೆಗೆ ಕಪ್ಪು ಹಲಗೆಯ ಮುಂದೆ ನಿಲ್ಲುವವರು ಯಾರು? ಹಳ್ಳಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷ್ ತೀರ್ಪಿನ ಮೊದಲ ಪ್ಯಾರಾದಲ್ಲೇ ಕಂಗಾಲಾಗುವ ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು? ಐದು ವರ್ಷದ ಹಿಂದೆ ತಾನೂ ಹಾಗೆಯೇ ಕಂಗಾಲಾಗಿದ್ದವಳಿಗೆ ಮಾತ್ರ ಆ ತಾಳ್ಮೆ ಇರಲು ಸಾಧ್ಯ.

ಇನ್ನು ಅರೆಕಾಲಿಕ ಎಂಬ ಪದದ ಬಗ್ಗೆ ನಮಗಿರುವ ತಾತ್ಸಾರ. ಡಾ. ಬಿ.ಆರ್. ಅಂಬೇಡ್ಕರ್ ಅವರು ವಕೀಲಿಕೆಯ ಆರಂಭದ ವರ್ಷಗಳಲ್ಲಿ, 1925ರಿಂದ 1928ರವರೆಗೆ, ಮುಂಬೈಯ ಲೆಕ್ಕಶಾಸ್ತ್ರ ತರಬೇತಿ ಸಂಸ್ಥೆಯೊಂದರಲ್ಲಿ ವಾಣಿಜ್ಯ ಕಾನೂನಿನ ಅರೆಕಾಲಿಕ ಉಪನ್ಯಾಸಕರಾಗಿದ್ದರು. ಬಳಿಕ ಅದೇ ನಗರದ ಸರಕಾರಿ ಕಾನೂನು ಕಾಲೇಜಿನಲ್ಲಿ ಪಾಠ ಮಾಡಿದರು. 1935ರಲ್ಲಿ ಅದರ ಪ್ರಾಂಶುಪಾಲರಾದರು. ಅವರ ನಂತರದ ವರ್ಷಗಳಲ್ಲಿ ಆ ಪ್ರಾಂಶುಪಾಲ ಹುದ್ದೆಯಲ್ಲಿ ಕುಳಿತವರಲ್ಲಿ ಮುಸ್ಲಿಮ್ ಕಾನೂನಿನ ಮಹಾ ವಿದ್ವಾಂಸ ಆಸಫ್ ಅಲಿ ಅಸ್ಗರ್ ಫೈಝೀ ಕೂಡ ಒಬ್ಬರು. ದೇಶಕ್ಕೆ ಸಂವಿಧಾನ ಕೊಟ್ಟ ಕೈ ಒಂದು ಕಾಲದಲ್ಲಿ ಅರೆಕಾಲಿಕ ಉಪನ್ಯಾಸಕನ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿತ್ತು.

ನಮ್ಮದೇ ಪರಂಪರೆಯಲ್ಲಿ ನೋಡೋಣ. ಕೂಫಾದ ಬಡ ಕುಟುಂಬವೊಂದರ ಹುಡುಗ ಇಮಾಮ್ ಅಬೂ ಹನೀಫಾರ ಪಾಠದ ಬಳಗಕ್ಕೆ ಬರುತ್ತಿದ್ದ. ಮನೆಯವರು ಆತನನ್ನು ಎಬ್ಬಿಸಿಕೊಂಡು ಹೋಗಿ ದುಡಿಮೆಗೆ ಹಚ್ಚುತ್ತಿದ್ದರು. ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮರು ವಿಷಯ ತಿಳಿದು ತಮ್ಮ ಸ್ವಂತ ಹಣದಿಂದ ಆತನ ಖರ್ಚು ವಹಿಸಿಕೊಂಡರು, ಹಣ ಮುಗಿಯುವ ಮೊದಲೇ ಮತ್ತೆ ಕೊಡುತ್ತಿದ್ದರು ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಆ ಹುಡುಗನೇ ಮುಂದೆ ಹಾರೂನ್ ರಶೀದರ ಕಾಲದಲ್ಲಿ ಬಗ್ದಾದಿನ ಮುಖ್ಯ ನ್ಯಾಯಾಧೀಶರಾದ ಅಬೂ ಯೂಸುಫ್. ನಾವು ಈ ಪ್ರಸಂಗವನ್ನು ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ! ಇಮಾಮರ ಪ್ರತಿಭೆಯನ್ನು ಹೊಗಳುತ್ತೇವೆ, ಶಿಷ್ಯನ ಬುದ್ಧಿಯನ್ನು ಹೊಗಳುತ್ತೇವೆ. ಆ ಹಣದ ಚೀಲದ ಬಗ್ಗೆ ಮಾತ್ರ ಮೌನ. ಅದು ಅಂದು ಇಲ್ಲದಿದ್ದರೆ ಅಬೂ ಯೂಸುಫ್ ಕೂಫಾದ ಯಾವುದೋ ಅಂಗಡಿಯಲ್ಲಿ ಕೂಲಿಯಾಳಾಗಿರುತ್ತಿದ್ದರು.

ಹೆತ್ತವರಿಗೂ ಒಂದು ಮಾತು ಹೇಳಬೇಕು. ಕೇರಳದ ಪತ್ತನಂತಿಟ್ಟದ ಫಾತಿಮಾ ಬೀವಿಯವರು ವಿಜ್ಞಾನದಲ್ಲೇ ಮುಂದುವರಿಯಬೇಕೆಂದಿದ್ದಾಗ ಕಾನೂನು ಓದು ಎಂದು ಹುರಿದುಂಬಿಸಿದ್ದು ಅವರ ತಂದೆ. 1950ರಲ್ಲಿ ವಕೀಲೆಯಾಗಿ ನೋಂದಾಯಿಸಿಕೊಂಡ ಆ ಹೆಣ್ಣುಮಗಳು 1989ರಲ್ಲಿ ಸುಪ್ರೀಂ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಮೂರ್ತಿಯಾದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಒಂದು ಸಣ್ಣ ಪಟ್ಟಣದ ಮುಸ್ಲಿಮ್ ತಂದೆಗೆ ಹೊಳೆದದ್ದು ಇಂದು ನಮಗೆ ಹೊಳೆಯುತ್ತಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದ ಮೆಡಿಕಲ್ ಸೀಟಿಗೆ ಮನೆ ಅಡವಿಡುವವರು ಕಾನೂನು ಓದುವ ಮಗಳಿಗೆ ತೀರ್ಪುಗಳ ಸಂಪುಟವೊಂದನ್ನು ಕೊಡಿಸಲು ಹಿಂದೆ ಮುಂದೆ ನೋಡುತ್ತಾರೆ. ಈ ಯುವತಿಯನ್ನು ನೋಡಲು ಬಂದ ವರನ ಕಡೆಯವರು ಕೇಳಿದ ಪ್ರಶ್ನೆ: 'ಪಾರ್ಟ್ ಟೈಮ್ ಟೀಚಿಂಗ್ ಅಂದರೆ ಟ್ಯೂಷನ್ ತಾನೇ?' ಆಕೆಯ ತಾಯಿ ಹೌದೆಂದು ತಲೆಯಾಡಿಸಿ ಬಿಟ್ಟರಂತೆ. ವಿವರಿಸುವುದು ಕಷ್ಟವಾಗಿತ್ತು.

ಆಕೆ ತರಗತಿಯಲ್ಲಿ ಏನು ಕಲಿಸುತ್ತಾಳೆ ಎಂದು ಆ ತಾಯಿಗೂ ವರನ ಕಡೆಯವರಿಗೂ ನಾವು ಹೇಳಬಯಸುತ್ತೇವೆ. 2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 479ನೇ ಕಲಂ ಪ್ರಕಾರ, ಈ ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಗೊಳಗಾಗದ ವಿಚಾರಣಾಧೀನ ಕೈದಿಯು ಆರೋಪಿತ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ ಆತನನ್ನು ಬಾಂಡಿನ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ ಅವಧಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಿರುವ ಅಪರಾಧಗಳಿಗೆ ಇದು ಅನ್ವಯಿಸದು; ಹಲವು ಪ್ರಕರಣ ಬಾಕಿಯಿರುವವರಿಗೂ ಅನ್ವಯಿಸದು. ಅವಧಿ ತುಂಬಿದ ಕೂಡಲೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವ ಹೊಣೆ ಜೈಲು ಅಧೀಕ್ಷಕರದು. ಹೊಸ ಸಂಹಿತೆ ಬರುವ ಮೊದಲು ದಾಖಲಾದ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆಯಾಗದವರ ಮಾಹಿತಿಯನ್ನು ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು 2023ರ ಜನವರಿಯಲ್ಲೇ ಅದು ನಿರ್ದೇಶಿಸಿತ್ತು. ಇಂಟರ್ನ್ ಆಗಿದ್ದಾಗ ಕೇಳಿದ ಪ್ರಶ್ನೆಗೆ ಆಕೆಗೆ ಸಿಕ್ಕಿದ ಉತ್ತರ ಇದು. ಅದನ್ನೀಗ ಅರುವತ್ತು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದಾಳೆ. ಅವರಲ್ಲಿ ಕೆಲವರು ಅರೆಕಾನೂನು ಸ್ವಯಂಸೇವಕರಾಗಿ ಹೆಸರು ನೋಂದಾಯಿಸಿದ್ದಾರೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಪೊಲೀಸು, ನ್ಯಾಯಾಲಯ, ಜೈಲುಗಳನ್ನು ಸಮಾಜದ ಕಣ್ಣಿನಿಂದ ಓದುವ 'ನ್ಯಾಯ ಅಧ್ಯಯನ' ಎಂಬ ಪ್ರತ್ಯೇಕ ವಿಭಾಗವೇ ಇದೆಯಂತೆ. ನಮ್ಮ ಈ ಪಟ್ಟಣದಲ್ಲಿ ಅದು ಬೀಗ ತೆಗೆದ ಒಂದು ಕೊಠಡಿಯಲ್ಲಿ, ಬಿಲ್ಲಿಗೆ ಬಾರದ ಗಂಟೆಗಳಲ್ಲಿ ನಡೆಯುತ್ತಿದೆ.

ಹಾಗಾದರೆ ನಾವು ಕೇಳುವುದೇನು? ಹೊಸ ಕಾನೂನು ಕಾಲೇಜು ಕಟ್ಟಿ ಎಂದು ಕೇಳುತ್ತಿಲ್ಲ. ಕಟ್ಟಡಗಳು ನಮ್ಮಲ್ಲಿ ಸಾಕಷ್ಟಿವೆ. ಇರುವ ಕಾಲೇಜುಗಳ ಆಡಳಿತ ಮಂಡಳಿಗಳು ಅರೆಕಾಲಿಕ ಉಪನ್ಯಾಸಕರಿಗೆ ಹನ್ನೆರಡು ತಿಂಗಳ ಗೌರವಧನ ನಿಗದಿಪಡಿಸಲಿ. ಕಾನೂನು ನೆರವು ಕೇಂದ್ರದ ಗಂಟೆಗಳನ್ನು ಪಾಠದ ಗಂಟೆಗಳೆಂದೇ ಎಣಿಸಲಿ. ನೇಮಕಾತಿ ಪತ್ರವನ್ನು ಲಿಖಿತವಾಗಿ ಕೊಡಲಿ. ಕಾನೂನು ಕಲಿಸುವವರಿಗೇ ಕಾಗದವಿಲ್ಲದ ಕೆಲಸ ಎಂಬುದು ನಗೆಪಾಟಲು. ನಮ್ಮ ಹಿರಿಯ ವಕೀಲರು ವರ್ಷಕ್ಕೆ ಇಬ್ಬರು ಇಂಟರ್ನ್‌ಗಳನ್ನಾದರೂ ಕೂರಿಸಿಕೊಂಡು ಒಂದು ಜಾಮೀನು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಬರೆಸಲಿ. ಟ್ರಸ್ಟುಗಳ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಕೈ ಎತ್ತಿ, 'ಕಾನೂನು ವಿಭಾಗದ ಅರೆಕಾಲಿಕ ಸಿಬ್ಬಂದಿಗೆ ಎಷ್ಟು ಕೊಟ್ಟಿರಿ, ಸಮಾರಂಭದ ಶಾಮಿಯಾನಕ್ಕೆ ಎಷ್ಟು ಕೊಟ್ಟಿರಿ?' ಎಂದು ಕೇಳುವ ಹಕ್ಕು ಚಂದಾ ಕೊಡುವ ಪ್ರತಿಯೊಬ್ಬನಿಗೂ ಇದೆ. ಕೇಳಿದವರನ್ನು ಫಿತ್ನಾ ಮಾಡುವವರೆಂದು ಕೂರಿಸುವ ಕಾಲ ಮುಗಿಯಬೇಕು.

ಕಳೆದ ತಿಂಗಳು ಆ ಯುವತಿ ನಮ್ಮ ಕಚೇರಿಗೆ ಬಂದಿದ್ದಳು. ಬೆಂಗಳೂರಿನ ಕಂಪೆನಿಯೊಂದರಲ್ಲಿ ಒಪ್ಪಂದ ಪತ್ರಗಳನ್ನು ಪರಿಶೀಲಿಸುವ ಕೆಲಸಕ್ಕೆ ಕರೆ ಬಂದಿದೆ. ಈಗ ಸಿಗುವುದರ ಮೂರು ಪಟ್ಟು ಸಂಬಳ. ತಂದೆಗೆ ಕಣ್ಣು ಮಂಜಾಗುತ್ತಿದೆ, ಮೊದಲಿನಂತೆ ಹೊಲಿಯಲಾಗುತ್ತಿಲ್ಲ. 'ಹೋಗಬೇಡ ಅನ್ನುವುದಾದರೆ ಹೇಳಿ ಸರ್, ಹೋಗುವುದಿಲ್ಲ' ಎಂದಳು. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ಕಾನೂನು ನೆರವು ಕೇಂದ್ರದ ಬೀಗದ ಕೈ ಇನ್ನೂ ಆಕೆಯ ಬಳಿಯೇ ಇದೆ. ಹೊಸ ವರ್ಷದ ಪಾಠಗಳಿಗೆ ಕಾಲೇಜಿನಿಂದ ಕರೆ ಬಂದರೆ ತೆರೆಯುತ್ತೇನೆ, ಇಲ್ಲದಿದ್ದರೆ ಯಾರ ಕೈಗೆ ಕೊಡಲಿ ಎಂದು ಕೇಳುತ್ತಿದ್ದಳು.